ಮೂರನೇ ಹಾಡಿನ ಕಾಲ ಸದ್ದು

ರೆಕಾರ್ಡಿಂಗ್ ಕೋಣೆ ಬಿಟ್ಟು ಹೊರಗೆ ಬಾರದ ನನ್ನ ಮೈದುನನಿಗೆ,

ನಿಮ್ಮಣ್ಣ ಕಾಯಿಲೆಗೆ ಮುಂಚೆ ನುಡಿಸಿಟ್ಟಿದ್ದ ಹಾಡುಗಳ ಆಲ್ಬಂ ನೀನು ಕಳಿಸಿದ್ದು ತಲುಪಿತು. ಬ್ಲೂಸ್ ಅನ್ನುವ ಆ ಅಮೆರಿಕದ ಕೊರಗಿನ ಹಾಡು ಬಿಟ್ಟು ಬೇರೇನನ್ನೂ ಮುಟ್ಟದ ಮನುಷ್ಯ ಅದಕ್ಕೆ ಫಂಕ್, ಸೋಲ್ ಅಂತ ಬೇರೆ ಧಾಟಿಗಳನ್ನೆಲ್ಲ ಬೆರೆಸಿ ನುಡಿಸಿದ್ದು ನನ್ನಂಥವಳಿಗೂ ಹಿಡಿಸಿತು. ಕೈಯಲ್ಲಿದ್ದ ಸೌಟೂ ತಾಳ ಹಾಕಿತು. ಆದರೆ ಮೂರನೇ ಹಾಡು ಬಂತೆಂದರೆ ಅವರು ಎಡಗೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡುತ್ತಾರೆ. ಪಾರ್ಶ್ವವಾಯು ಹೊಡೆದಾಗಿನಿಂದ ಮಾತಿಲ್ಲವಲ್ಲ, ಯಾಕೆಂದು ಹೇಳಲಾರರು. ಗಿಟಾರ್ ಸರಿಯಿಲ್ಲವಾ ಅಂದೆ, ತಲೆ ಅಲ್ಲಾಡಿಸಿದರು. ಡ್ರಮ್ಮಾ ಅಂದೆ, ಅದೂ ಅಲ್ಲ. ನಿನ್ನೆ ನನ್ನ ಕೈ ಎಳೆದು ಸ್ವಾಧೀನ ತಪ್ಪಿದ ತಮ್ಮ ಬಲಗಾಲಿನ ಮೇಲಿಟ್ಟರು. ಆಗ ಹೊಳೆಯಿತು.

ನುಡಿಸುವಾಗ ಆ ಕಾಲು ಮರದ ನೆಲಕ್ಕೆ ದಬದಬ ಬಡಿಯುತ್ತಿತ್ತು, ಈ ಮೂರನೇ ಹಾಡಿನಲ್ಲಂತೂ ಎಲ್ಲಕ್ಕಿಂತ ಜೋರಾಗಿ. "ಅತ್ತಿಗೆ, ಅಣ್ಣನ ಕಾಲಿಗೊಂದು ಕಂಬಳಿ ಸುತ್ತಿ ಕಳಿಸಿ" ಅಂತ ನೀನೇ ರೇಗಿಸುತ್ತಿದ್ದೆ. ಹಾಡು ಚೊಕ್ಕವಾಗಿರಲಿ ಎಂದು ಈಗ ಆ ಸದ್ದು ತೆಗೆದಿದ್ದೀಯ. ಒಳ್ಳೆಯದಕ್ಕೇ ಮಾಡಿದ್ದೀಯ, ಗೊತ್ತು. ಆದರೆ ಆ ಕಾಲು ಇನ್ನೆಲ್ಲೂ ಬಡಿಯುವುದಿಲ್ಲ ಕಣಪ್ಪ. ಆಗುವುದಾದರೆ ಸದ್ದನ್ನು ವಾಪಸ್ ಹಾಕು.

ಅದು ಅಳಿಸಿಯೇ ಹೋಗಿದ್ದರೆ ಹಾಗಂತ ಬರೆಯಬೇಡ. "ಕೆಲಸ ನಡೀತಿದೆ ಅತ್ತಿಗೆ, ಸ್ವಲ್ಪ ತಡವಾಗುತ್ತೆ" ಅಂತಷ್ಟೇ ಬರೆ. ನಿನ್ನ ಕಾಗದವನ್ನು ಅವರೆದುರು ಕೂತು ಗಟ್ಟಿಯಾಗಿ ಓದುವವಳು ನಾನು. ಬರೆದಿರುವುದು ಒಂದು, ಓದುವುದು ಇನ್ನೊಂದು ಅನ್ನುವುದು ನನ್ನ ಕೈಲಾಗುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಅತ್ತಿಗೆ