ಹಳೇ ಲ್ಯಾಪ್‌ಟಾಪಿನಲ್ಲಿ ಅವ್ವನ ಸೋಬಾನೆ

ನವೆಂಬರ್ ೨೭, ಗುರುವಾರ

ಬೆಳಗಿನ ಜಾವ ಕೆಟ್ಟ ಕನಸು. ನಾಳೆ ನಾನು ಮೈಕ್‌ಸೆಟ್ ಹಾಕಬೇಕಿರುವ ಮಾಕಳಿ ಊರಿನ ಮದುವೆಯಲ್ಲಿ ಹಾಡು ಹಾಕಲು ಹೋದರೆ ಲ್ಯಾಪ್‌ಟಾಪ್ ಖಾಲಿ. ಮದುಮಗಳೂ ಸೇರಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮೈಕ್‌ಸೆಟ್ಟಿನ ಈ ಹಳೇ ಲ್ಯಾಪ್‌ಟಾಪ್ ಆನ್ ಆಗುವುದನ್ನೇ ನಿಲ್ಲಿಸಿತ್ತು, ಹೊಸದಾಗಿ ವಿಂಡೋಸ್ ಹಾಕಿಸದೆ ದಾರಿಯಿರಲಿಲ್ಲ. ಹಾಕಿಸುವಾಗ ಒಳಗಿರುವುದೆಲ್ಲ ಅಳಿಸಿಹೋದರೆ? ಬೇರೆ ಹಾಡುಗಳು ಹೋದರೆ ಮತ್ತೆ ಸಿಗುತ್ತವೆ. ಹಿಂದೆ ಅವ್ವ ಹೇಳುವಾಗ ರೆಕಾರ್ಡ್ ಮಾಡಿಟ್ಟ ಸೋಬಾನೆ ಪದಗಳು ಎಲ್ಲಿ ಸಿಗುತ್ತವೆ? ನಾಳೆ ಮಾಕಳಿಯವರು ಕೇಳಿರುವುದೂ ಅವನ್ನೇ. ಅವ್ವನಿಗೆ ಈಗ ಎರಡು ಸಾಲಿಗೇ ದಮ್ಮು ಹತ್ತುತ್ತದೆ.

ಮೊಬೈಲ್ ಅಂಗಡಿಯ ಗೆಳೆಯ ಅದ್ನಾನ್ ಸಂಜೆ ಮನೆಗೇ ಬಂದ. ನಾನು ಓದಿದ್ದು ಆರನೇ ಕ್ಲಾಸು. ಪರದೆಯಲ್ಲಿ ಡಿಲೀಟ್ ಅಂತ ಕಂಡಿದ್ದೇ ಅವನ ಕೈ ಹಿಡಿದುಕೊಂಡೆ.

"ಬಿಡೋ ಮಚ್ಚಾ! ಸಿ ಡ್ರೈವ್ ಮಾತ್ರ ಅಳಿಸ್ತಿರೋದು. ನಿಮ್ಮವ್ವ ಡಿ ಡ್ರೈವಲ್ಲಿ ಆರಾಮಾಗಿದಾರೆ."

"ಸರಿಯಾಗಿ ನೋಡ್ದೇನೋ?"

"ನೀನು ಹೋಗಿ ಟೀ ಮಾಡು ಗುರು."

ಎಲ್ಲ ಮುಗಿಸಿ ಅವನು ಒಂದು ಪದ ಹಾಕಿದ. ವೈರು ದೊಡ್ಡ ಸ್ಪೀಕರ್ ಬಾಕ್ಸಿಗೆ ಸೇರಿರುವುದು ಇಬ್ಬರಿಗೂ ಮರೆತೇ ಹೋಗಿತ್ತು. ದಾಸರಹಳ್ಳಿಯ ನಮ್ಮ ಗಲ್ಲಿಗೆಲ್ಲ ಅವ್ವನ ದನಿ! ಹೊರಗೆ ಅವರೆಕಾಯಿ ಬಿಡಿಸುತ್ತಿದ್ದ ಅವ್ವ, "ಯಾರ್ಲಾ ಅದು, ನನ್ನಂಗೇ ಪದ ಏಳ್ತಿರೋಳು?" ಎನ್ನುತ್ತಾ ಎದ್ದುಬಂದಳು. ಎದುರುಮನೆ ಹೆಂಗಸರು ಬಾಗಿಲಲ್ಲೇ ನಿಂತು ದನಿಗೂಡಿಸಿದರು. ಅವ್ವ ನಾಚಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕಾಲು ಮಾತ್ರ ತಾಳ ಹಾಕುತ್ತಲೇ ಇತ್ತು. ನನಗೆ ಇಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ.

ಅದ್ನಾನ್ ಎಲ್ಲವನ್ನೂ ಪೆನ್‌ಡ್ರೈವಿಗೂ ಹಾಕಿಕೊಟ್ಟ. ದಿಂಬಿನ ಕೆಳಗಿಟ್ಟಿದ್ದೇನೆ. ಆದರೂ ಪಕ್ಕದಲ್ಲಿ ಮಲಗಿರುವ ಹೆಂಡತಿಯನ್ನು ಎಬ್ಬಿಸದೆ ಇರಲಾರೆ. "ವನಿತಾ, ನಿದ್ದೆ ಬಂತೇನೇ? ಪೆನ್‌ಡ್ರೈವಲ್ಲಿ ಕಡೇ ಪದಾನೂ ಬಂದಿದ್ಯಾ, ಇನ್ನೊಂದ್ಸಲ ಹಾಕಿ ನೋಡೇ."