ಮೊದಲು ಬಾಚು, ಆಮೇಲೆ ತೊಳೆ

ಮನೆಯಿಂದ,
ಮಾರ್ಚ್ ೯, ಮಂಗಳವಾರ

ಪ್ರೀತಿಯ ಅಕ್ಕಾ,

ನೀನು ಆರೋಗ್ಯವಾಗಿದ್ದೀಯ ಎಂದು ನಂಬಿದ್ದೇನೆ. ನಿನ್ನ ತಲೆಯ ವಿಷಯದಲ್ಲಿ ಮಾತ್ರ ಆ ನಂಬಿಕೆ ಇಲ್ಲ. ದಿಂಬಿಗೆ ತಲೆಯಿಟ್ಟರೆ ಇನ್ನೂ ಎಳೆಯುತ್ತದೆಯೇ, ಹಣೆಯಂಚಿನಲ್ಲಿ ಎದ್ದಿದ್ದ ಗುಳ್ಳೆಗಳು ಒಣಗಿದವೇ, ಬರೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಪ್ಪ ಗ್ಯಾರೇಜಿಗೆ ಹೋಗಿಬರುತ್ತಿದ್ದಾರೆ. ಅಮ್ಮ ಶಾಲೆಗೆ ಹೋಗುತ್ತಿದ್ದಾಳೆ, ತನಗೆ ಜ್ವರ ಬರುವ ಮೊದಲು ಮಕ್ಕಳಿಗೆ ಬೈಯುತ್ತಿದ್ದಷ್ಟೇ ಈಗಲೂ ಬೈಯುತ್ತಾಳೆ.

ನಿನ್ನ ಕಾಗದ ಓದಿದೆ. ತಲೆಗೆ ಹೊಲಿಸಿಕೊಂಡ ಪರಕೂದಲನ್ನು ಭಾನುವಾರದ ರಜೆಯಲ್ಲಿ ನೀನೇ ಬಿಚ್ಚಿಕೊಂಡು, ಅಂದೇ ಸಂಜೆ ಹೊಸದನ್ನು ಹೊಲಿಸಿಕೊಳ್ಳುತ್ತೀಯಂತೆ. ಬಿಚ್ಚುವುದು ಹೇಗೆ ತಿಳಿಸು ಎಂದು ಕೇಳಿದ್ದೀಯ. ಉದ್ದ ಕೂದಲಿಲ್ಲದವರನ್ನು ನಿಮ್ಮ ಹೋಟೆಲಿನ ಮ್ಯಾನೇಜರು ಮುಂದಿನ ಕೌಂಟರಿನಲ್ಲಿ ನಿಲ್ಲಿಸುವುದಿಲ್ಲವಂತೆ. ಈ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ದುಡಿಯುವವಳ ಕೈಗೆ ಮಾಲೀಕ ಸಂಬಳ ಕೊಡುತ್ತಾನೆ, ತಲೆಯನ್ನು ಕೊಂಡುಕೊಂಡಿಲ್ಲ. ನಾನು ಓದಿದ ಕಾರ್ಮಿಕ ಸಂಘದ ಕರಪತ್ರಗಳು ಹೇಳುವುದೂ ಇದನ್ನೇ. ಹೀಗೆ ಹೇಳುತ್ತಲೇ ನಾನು ಪಾರ್ಲರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಊರವರ ತಲೆಗೆಲ್ಲ ಕೂದಲು ಹೊಲಿಯುತ್ತೇನೆ. ‘ಭಾಷಣ ಬಾಗಿಲಾಚೆ ಇಟ್ಟು ಬಾಮ್ಮಾ, ಸೂಜಿ ಒಳಗಿದೆ’ ಎಂದು ಪಾರ್ಲರಿನ ಮೇಡಂ ಮೊದಲ ದಿನವೇ ಹೇಳಿದ್ದರು. ಹಾಗೆಂದು ನನ್ನ ಅಭಿಪ್ರಾಯ ಬದಲಾಗಿಲ್ಲ, ಹೊಲಿಗೆಯೂ ಕೆಟ್ಟಿಲ್ಲ.

ನೀನು ದಾರಕ್ಕೆ ಕತ್ತರಿ ಇಡುವ ಮೊದಲು ಅಮ್ಮನಿಗೆ ಆದದ್ದನ್ನು ಕೇಳು. ಜ್ವರದ ಮೇಲೆ ಕೂದಲು ಉದುರಿ, ಬೋರ್ಡಿನ ಕಡೆ ತಿರುಗಿದರೆ ಮಕ್ಕಳು ನೆತ್ತಿ ನೋಡುತ್ತಾರೆ ಎಂದು ಕೊರಗುತ್ತಿದ್ದಳು. ಪರಕೂದಲು ಬೇಡ ಎಂದೆ. ‘ನಿನ್ನ ಕ್ರಾಂತಿ ಬಂದು ನನ್ನ ನೆತ್ತಿ ಮುಚ್ಚುತ್ತಾ?’ ಎಂದಳು. ಕೊನೆಗೆ ನಾನೇ ಹೊಲಿದೆ. ಅವಳ ಕೂದಲನ್ನು ನೆತ್ತಿಗೊತ್ತಿ ಸಣ್ಣ ಸಣ್ಣ ಜಡೆಯಾಗಿ ಹೆಣೆದು, ಅದರ ಮೇಲೆ ಕೂದಲಿನ ಪಟ್ಟಿಗಳನ್ನು ದಾರದಿಂದ ಹಿಡಿಸಿದ್ದು, ನಿನ್ನದರಂತೆಯೇ. ಬಿಗಿ ಮಾತ್ರ ಕಡಿಮೆ. ಜಡೆಗಳ ನಡುವಿನ ಚರ್ಮಕ್ಕೆ ತೆಳ್ಳಗೆ ಎಣ್ಣೆ ಹಚ್ಚು, ತಲೆ ನೆಂದರೆ ಬುಡದವರೆಗೂ ಒಣಗಿಸು, ಎರಡು ತಿಂಗಳ ಮೇಲೆ ಒಂದು ದಿನವೂ ಇಡಬೇಡ ಎಂದಿದ್ದೆ. ಎಲ್ಲವನ್ನೂ ಹೋಮ್‌ವರ್ಕಿನಂತೆ ಮಾಡಿದಳು.

ಬಿಚ್ಚಬೇಕಾದ ದಿನ ಪಾರ್ಲರಿನಲ್ಲಿ ಜನ ಹೆಚ್ಚಿದ್ದರು, ಮೇಡಂ ನನ್ನನ್ನು ಕರೆಸಿಕೊಂಡರು. ‘ಅದೇನ್ ಮಹಾ ಕೆಲಸ, ನಾನ್ ಬಿಚ್ತೀನಿ ಹೋಗು’ ಎಂದರು ಅಪ್ಪ. ದಾರಗಳನ್ನು ಅವರು ಕತ್ತರಿಸಿದ ನಾಜೂಕು ನನಗೂ ಇಲ್ಲ, ಅಮ್ಮನ ಒಂದೆಳೆ ಕೂದಲಿಗೂ ಕತ್ತರಿ ತಾಗಿರಲಿಲ್ಲ. ಜಡೆಗಳನ್ನೂ ಬಿಡಿಸಿದರು. ಆಮೇಲೆ ಬಾಚಣಿಗೆ ಮುಟ್ಟಿಸದೆ ನೇರ ಬಚ್ಚಲಿನಲ್ಲಿ ಕೂರಿಸಿ, ನೀರು ಹೊಯ್ದು ಶಾಂಪೂ ಹಾಕಿ ಉಜ್ಜಿದರು. ದಿನವೂ ಉದುರುವ ಕೂದಲು ಹೊರಗೆ ಬೀಳಲಾರದೆ ಜಡೆಯೊಳಗೇ ಉಳಿದಿರುತ್ತದೆ. ಅದನ್ನು ಒಣಗಿದ್ದಾಗಲೇ ಬಾಚಿ ತೆಗೆಯಬೇಕು. ಅದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಬರುವ ಹೊತ್ತಿಗೆ ಅಮ್ಮನ ಹಿಂದಲೆಯಲ್ಲಿ ಮುಷ್ಟಿ ಗಾತ್ರದ ಗಂಟು, ಕಂಬಳಿಯಷ್ಟು ಗಟ್ಟಿ. ಅಪ್ಪ ಟವೆಲ್ ಹಿಡಿದು ಗೋಡೆಗೆ ಒರಗಿದ್ದರು. ‘ಯಾವ ಎಂಜಿನ್ ಆದ್ರೂ ತೊಳೆದ ಮೇಲೇ ಒಳಗೆ ಕೈ ಹಾಕೋದು ನಾವು’ ಎಂದರು. ‘ಇಷ್ಟು ವರ್ಷ ಸಂಸಾರ ಮಾಡಿ ಎಂಜಿನ್ ಆದೆ ನೋಡು’ ಎಂದಳು ಅಮ್ಮ. ನಾನು ಕತ್ತರಿ ತಂದೆ. ‘ಅದನ್ನ ಕೆಳಗಿಡು’ ಎಂದಳು, ಶಾಲೆಯ ದನಿಯಲ್ಲಿ.

ಕೆಳಗಿಟ್ಟೆ. ಗಂಟಿಗೆ ಎಣ್ಣೆ ಕುಡಿಸಿ, ತುದಿಯಿಂದ ಬುಡದ ಕಡೆಗೆ ಬೆರಳಲ್ಲೇ ಎಳೆ ಎಳೆಯಾಗಿ ಬಿಡಿಸುತ್ತ ಹೋದೆವು, ನಾನೊಂದು ಕಡೆ, ಅಪ್ಪ ಒಂದು ಕಡೆ. ಅಪ್ಪನ ಬೆರಳುಗಳಲ್ಲಿ ಗ್ರೀಸಿನ ಗೆರೆಗಳಿದ್ದವು. ಎಳೆಯುವುದು ಮಾತ್ರ ನನಗಿಂತ ಮೆತ್ತಗೆ. ಬಿಡಿಸಿದ ಕೂದಲು ಪೇಪರಿನ ಮೇಲೆ ಬೆಕ್ಕು ಮಲಗಿದಂತೆ ರಾಶಿ ಬಿತ್ತು. ‘ತಲೇಲಿ ಇನ್ನೇನಾದ್ರೂ ಉಳಿದಿದೆಯಾ, ಇಲ್ಲಾ ಎಲ್ಲಾ ಪೇಪರಿಗೇ ಹೋಯ್ತಾ?’ ಎಂದು ಅಮ್ಮ ಕೇಳುತ್ತಲೇ ಇದ್ದಳು. ಇದು ಎಂದೋ ಉದುರಿದ್ದು, ಇವತ್ತಿನದಲ್ಲ ಎಂದು ಹೇಳಿ ಹೇಳಿ ಸಾಕಾಯಿತು. ಕುತ್ತಿಗೆಯ ಹತ್ತಿರದ ಗಂಟು ಮಾತ್ರ ಬಿಡಲಿಲ್ಲ, ಅಷ್ಟನ್ನು ಕತ್ತರಿಸಬೇಕಾಯಿತು. ಈಗ ತನ್ನದೇ ಗಿಡ್ಡ ಕೂದಲಿಗೆ ಎರಡು ಪಿನ್ನು ಸಿಕ್ಕಿಸಿಕೊಂಡು ಶಾಲೆಗೆ ಹೋಗುತ್ತಾಳೆ. ಟೀಚರ್, ಜಡೆ ಎಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳಂತೆ. ‘ಅದು ರಜೆ ಹಾಕಿದೆ. ನೀನ್ ಕೂತ್ಕೋ’ ಎಂದಳಂತೆ.

ನಿನ್ನದು ಇದಕ್ಕಿಂತ ಕಷ್ಟದ್ದು. ನೀನು ಹೊಲಿಸಿಕೊಂಡು ಐದು ತಿಂಗಳಾಯಿತು, ಬಿಗಿಯೂ ಹೆಚ್ಚು. ಗುಳ್ಳೆ ಎಂದರೆ ಬುಡ ದೂರು ಕೊಡುತ್ತಿದೆ ಎಂದರ್ಥ. ಹಣೆಯಂಚಿನ ಕೂದಲು ಬಹಳ ದಿನ ಎಳೆತದಲ್ಲೇ ಇದ್ದರೆ ಒಂದು ದಿನ ಹೋಗಿ ಮತ್ತೆ ಬರುವುದೇ ಇಲ್ಲ. ಪಾರ್ಲರಿನಲ್ಲಿ ಅಂಥವರಿಗೆ ನಾನು ಕನ್ನಡಿ ಹಿಡಿದಿದ್ದೇನೆ. ಹುಣ್ಣಾದ ನೆತ್ತಿಯ ಮೇಲೆ ಅಂದೇ ಹೊಸ ಹೊಲಿಗೆ ಬೇಡ. ಇದು ಕರಪತ್ರದ ಮಾತಲ್ಲ.

ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದಿದ್ದಾಳೆ, ಹರಸಿದ್ದಾಳೆ. ನಾನೂ ಕೇಳಿದೆ ಎಂದು ಬರಿ ಎಂದರು ಅಪ್ಪ, ಬರೆದಿದ್ದೇನೆ.

ನಿನ್ನ,
ತಂಗಿ

ತಾ.ಕ.: ಬಿಚ್ಚುವುದು ಹೇಗೆಂದು ಇಷ್ಟುದ್ದ ಕಾಗದದಲ್ಲಿ ನಿನಗೆ ಪೂರ್ತಿ ಹೇಳಿಲ್ಲ, ಹೇಳುವುದೂ ಇಲ್ಲ. ನನಗೂ ರಜೆ ಸಿಕ್ಕಿದೆ, ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಕತ್ತರಿ ಮುಟ್ಟಬೇಡ, ತಲೆಗೆ ನೀರು ಹಾಕಬೇಡ. ಮ್ಯಾನೇಜರ ಹತ್ತಿರ ನಾನು ಜಗಳ ತೆಗೆಯುವುದಿಲ್ಲ, ನೀನು ಹೇಳಿದರೆ ಮಾತ್ರ ತೆಗೆಯುತ್ತೇನೆ. ಗುಳ್ಳೆಯೆಲ್ಲ ಒಣಗಿ, ಬುಡ ಗಟ್ಟಿಯಾದ ಮೇಲೂ ನಿನಗೆ ಬೇಕೇ ಬೇಕು ಅನ್ನಿಸಿದರೆ ಬೇರೆಯವರ ಕೈಗೆ ತಲೆ ಕೊಡಬೇಡ. ಹಣೆಯಂಚು ಬಿಟ್ಟು, ಸಡಿಲವಾಗಿ, ನಾನೇ ಹೊಲಿದುಕೊಡುತ್ತೇನೆ. ನನ್ನ ಮನಸ್ಸಿಗೆ ಒಪ್ಪಿಗೆಯಿಲ್ಲದೆಯೇ ಹೊಲಿಯುತ್ತೇನೆ. ಹೊಲಿಗೆಯಲ್ಲಿ ಅದು ನಿನಗೆ ಗೊತ್ತಾಗುವುದಿಲ್ಲ.