ನಾಲ್ಕನೇ ಬಾಯಿಯ ಲೇಪ

ವಾಡಿ
೧೮ ಫೆಬ್ರವರಿ ೨೦೦೭

ಗೆಳೆಯ ಗೋಪಾಲನಿಗೆ ವಿಠ್ಠಲನ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಆರಾಮ. ಜನವರಿಯಲ್ಲೇ ಕಳಿಸಬೇಕಿದ್ದ ವರದಿ ಈಗ ಈ ಕಾಗದದ ಜೊತೆ ಬರುತ್ತಿದೆ. ತಡಕ್ಕೆ ಕಾರಣ ಕೆಲಸದ ಒತ್ತಡ ಎಂದು ಬರೆಯಬಹುದಿತ್ತು. ಹೊಟ್ಟೆಕಿಚ್ಚು ಎಂದು ಬರೆದರೆ ನಿಜವಾದೀತು.

ಚಿತ್ತಾಪುರದ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ವಿಜ್ಞಾನ ಕಲಿತವರು ನಾವು. ನೀನು ಸಂಶೋಧಕನಾದೆ, ನಾನು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ತೂಗುವವನಾದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಬೆರೆಸಿದ, ಕೂದಲಿಗಿಂತ ತೆಳುವಾದ ನಿನ್ನ ಪಾಲಿಮರ್ ಲೇಪ ಸಿಮೆಂಟಿನ ಉಜ್ಜಾಟ ತಡೆಯುತ್ತದೆ ಎಂದು ನೀನು ಹೇಳಿದಾಗ ನಾನೊಂದು ಪದ್ಯ ಕಟ್ಟಿದ್ದೆ: "ದೂರದಿಂದ ಬಂತು ಲೇಪ, ವಾರದೊಳಗೆ ಅದೂ ಲೋಪ!" ಪ್ರಾಸ ಸರಿಯಾಗಿತ್ತು, ಭವಿಷ್ಯ ತಪ್ಪಿತು.

ಲೇಪ ಹಚ್ಚಿದ ನಳಿಕೆಯನ್ನು ಚೀಲ ತುಂಬುವ ಯಂತ್ರದ ಎರಡನೇ ಬಾಯಿಗೆ ಹಾಕು ಎಂದು ನೀನು ಹೇಳಿದ್ದೆ. ನಾನು ನಾಲ್ಕನೆಯದಕ್ಕೆ ಹಾಕಿಸಿದೆ. ಅಲ್ಲಿ ಸಿಮೆಂಟು ಓರೆಯಾಗಿ ಬಡಿಯುತ್ತದೆ. ಉಕ್ಕಿನ ನಳಿಕೆಯೇ ಆರು ವಾರಕ್ಕೆ ತೂತು. ಫಿಟರ್ ಲಾಲಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತುಬಿಟ್ಟ.

"ಸಾಹೇಬ್ರ, ನಾಕು ಅಂದ್ರ ರಾಕ್ಷಸ ಅದರಿ. ದೋಸ್ತಂದು ಹಾಳ ಮಾಡ್ಲಿಕತ್ತೀರೇನ್ರಿ?"

"ಪರೀಕ್ಷಾ ಅಂದ್ರ ಕಠಿಣ ಇರಬೇಕೋ."

"ಹಂಗಂದ್ರ ನಕ್ಕೋತ ಯಾಕ ಹೇಳ್ತೀರಿ?"

ಹದಿನಾಲ್ಕು ವಾರ, ಪ್ರತಿ ಸೋಮವಾರ, ಬಿಚ್ಚಿ ಒರೆಸಿ ತೂಗಿದೆ. ಅದರ ತೂಕ ಹೆಚ್ಚೇನೂ ಇಳಿಯಲಿಲ್ಲ, ನನ್ನ ಮುಖ ಇಳಿಯಿತು. ತುದಿಯಲ್ಲಿ ಉಗುರಿನಗಲದಷ್ಟು ಲೇಪ ಸವೆದಿದೆ, ಅಷ್ಟೇ. ಕೊನೆಯ ಸೋಮವಾರ ಲಾಲಪ್ಪ ಅದನ್ನು ಸವರಿ, "ಭಾಳ ಗಟ್ಟಿ ಅದರಿ. ನೀವೂ ಬಿಡಲಿಲ್ಲ, ಅದೂ ಬಿಡಲಿಲ್ಲ" ಎಂದ.

ವರದಿಯಲ್ಲಿ ಎರಡನೇ ಬಾಯಿ ಎಂದು ಬರೆದಿದ್ದರೆ ನನ್ನ ಮರ್ಯಾದೆ ಪೂರ್ತಿ ಉಳಿಯುತ್ತಿತ್ತು, ನಿನ್ನ ಗೆಲುವು ಅರ್ಧವಾಗುತ್ತಿತ್ತು. ಬಾಯಿಯ ಸಂಖ್ಯೆ ಬರೆಯುವ ಆ ಜಾಗ ಒಂದು ತಿಂಗಳು ಖಾಲಿ ಇತ್ತು. ಇಂದು ನಾಲ್ಕು ಎಂದು ತುಂಬಿ ಸಹಿ ಹಾಕಿದ್ದೇನೆ. ಅಲ್ಲಿಗೇ ಯಾಕೆ ಹಾಕಿಸಿದ ಎಂದು ಯಾರಾದರೂ ಕೇಳಿದರೆ ಈ ಕಾಗದ ತೋರಿಸು.

ದೇವರು ನಿನಗೆ ಇನ್ನೂ ದೊಡ್ಡ ಹೆಸರು ಕೊಡಲಿ. ಅದನ್ನು ಕೇಳುವ ತಾಳ್ಮೆ ನನಗೆ ಕೊಡಲಿ.

ನಿನ್ನ
ವಿಠ್ಠಲ

ತಾ.ಕ.: ಅಕ್ಟೋಬರಿನಲ್ಲಿ ನೀನು ಊಟಕ್ಕೆ ಬಂದಾಗ ನನ್ನ ಮಗಳು ಪ್ರಮಿತಾ ಶಾಲೆಯ ವಹಿ ಹಿಡಿದು ನಿನ್ನ ಪಕ್ಕ ಕುಳಿತು, "ಕಾಕಾ, ಇದ್ಯಾಕ ಹಿಂಗ?" ಎಂದು ಹನ್ನೊಂದು ಪ್ರಶ್ನೆ ಕೇಳಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸಿದ್ದೇನೆ. ಒಂಬತ್ತಕ್ಕೆ ನನಗೂ ಉತ್ತರ ಗೊತ್ತಿತ್ತು. ನನ್ನನ್ನು ಅವಳು ಇದುವರೆಗೆ ಒಂದೂ ಕೇಳಿಲ್ಲ.